ಶಾಲೆಯ ಮಾಳಿಗೆಗೆ ಸೋಮವಾರದ ನೀರು

ಗುತ್ತಿಗೆದಾರರ ಕೆಲಸ ಯಾಕೆ ತಡವಾಗುತ್ತದೆ, ಯಾಕೆ ಕೆಡುತ್ತದೆ ಎಂದು ಕೇಳುವ ಒಂದು ಫಾರ್ಮು ಎಂಬತ್ತರ ದಶಕದಲ್ಲಿ ನಮ್ಮ ಮನೆಗೆ ಬಂದಿತ್ತು. ಆಗ ನಾವು ಬಾಗಲಕೋಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಕಾಲೇಜಿನ ಇಬ್ಬರು ಹುಡುಗರು ಸೈಕಲ್ ಮೇಲೆ ತಿರುಗುತ್ತ, ಕಟ್ಟಡದ ಗುತ್ತಿಗೆ ಹಿಡಿಯುವವರ ಮನೆಗಳನ್ನು ಹುಡುಕಿಕೊಂಡು ಬರುತ್ತಿದ್ದರು. ಕಾರಣಗಳನ್ನು ಅವರೇ ಅಚ್ಚು ಹಾಕಿಸಿದ್ದರು. ಸಿಮೆಂಟು ಸಿಗದಿರುವುದು, ಬಿಲ್ಲು ತಡವಾಗುವುದು, ಮಳೆ, ಕೂಲಿಯವರ ಕೊರತೆ, ಸಾಹೇಬರ ವರ್ಗಾವಣೆ, ಗುತ್ತಿಗೆದಾರನಿಗೆ ಅನುಭವ ಸಾಲದಿರುವುದು. ಸರಿ ಅನಿಸಿದ್ದರ ಮುಂದೆ ಗುರುತು ಹಾಕಬೇಕು. ನಮ್ಮನೆಯವರು ಕನ್ನಡಕ ಏರಿಸಿಕೊಂಡು ಎಲ್ಲದರ ಮುಂದೆಯೂ ಹಾಕಿದರು. ತಪ್ಪೇನಿಲ್ಲ, ಎಲ್ಲವೂ ಖರೆ. ಕಡೆಗೆ ‘ಇತರೆ’ ಎಂದು ಒಂದು ಖಾಲಿ ಗೆರೆ ಇತ್ತು. ಅದನ್ನು ಹಾಗೇ ಬಿಟ್ಟು ಮಡಚಲು ಹೋದರು.

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅಲ್ಲಿಂದಲೇ ಹೇಳಿದೆ: “ಆ ಗೆರಿ ಮ್ಯಾಲ ಸ್ವಾಮಾರ ಅಂತ ಬರೀರಿ.”

ಹುಡುಗರು ನಕ್ಕರು. ನಮ್ಮನೆಯವರು ನಗಲಿಲ್ಲ. ಸೋಮವಾರ ಒಂದು ಕಟ್ಟಡಕ್ಕೆ ಏನು ಮಾಡುತ್ತದೆ ಎಂದು ಆ ಹುಡುಗರು ಕೇಳಿದರು. ರೊಟ್ಟಿ ತಿಂದು ಹೋಗ್ರಿ, ಹೇಳುತ್ತೇನೆ ಎಂದೆ. ಅವತ್ತು ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ಇಟ್ಟಿಗೆ ಹೊತ್ತದ್ದು ಅದಕ್ಕಿಂತ ಬಹಳ ಹೆಚ್ಚು ವರ್ಷ. ಹಾಗಾಗಿ ಅಲಂಕಾರ ಮಾಡಲು ನನಗೆ ಬರುವುದಿಲ್ಲ.

ನಮ್ಮನೆಯವರು ಬಾದಾಮಿ ತಾಲೂಕಿನವರು. ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ಮೀಸೆ ಬರುವ ಮೊದಲೇ ಕುರಿ ಬಿಟ್ಟು ಬಾಗಲಕೋಟೆಗೆ ಬಂದು ಕಲ್ಲು ಹೊತ್ತರು, ಗಾರೆ ಕಲಸಿದರು, ಕಡೆಗೆ ಕರಣೆ ಹಿಡಿದು ಗೌಂಡಿಯಾದರು. ಅವರು ಕಟ್ಟಿದ ಗೋಡೆಗೆ ದಾರ ಹಿಡಿದು ನೋಡುವ ಕೆಲಸವೇ ಇರಲಿಲ್ಲ. ನಾನು ಅದೇ ಕೆಲಸದಲ್ಲಿ ಗಾರೆಯ ಪುಟ್ಟಿ ಹೊರುವವಳು. ಒಬ್ಬ ದೊಡ್ಡ ಗುತ್ತಿಗೆದಾರನ ಕೈಕೆಳಗೆ ಇಬ್ಬರೂ ಹನ್ನೆರಡು ವರ್ಷ ದುಡಿದೆವು. ಆತ ಕೂಲಿ ಮುರಿಯುವವನಲ್ಲ, ಆದರೆ ಬಾಯಿ ಹೊಲಸು. ಹೆಣ್ಣುಮಕ್ಕಳು ಪುಟ್ಟಿ ಹೊತ್ತು ಏಣಿ ಹತ್ತುವಾಗ ಕೆಳಗೆ ನಿಂತು ಆಡುವ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮನೆಯವರು ತಮ್ಮ ಹೆಸರನ್ನು ಗುತ್ತಿಗೆದಾರರ ಪಟ್ಟಿಗೆ ಸೇರಿಸಿದರು. ಎಲ್ಲಕ್ಕಿಂತ ಕೆಳಗಿನ ದರ್ಜೆ. ಮೊದಲು ಸಿಕ್ಕ ಕೆಲಸ ಹುನಗುಂದ ತಾಲೂಕಿನಲ್ಲಿ, ರಾಮಥಾಳದ ಕಡೆಯ ಒಂದು ಊರಿನಲ್ಲಿ, ಎರಡು ಖೋಲಿಯ ಶಾಲೆ. ಮೇಲೆ ಸಿಮೆಂಟಿನ ಸ್ಲ್ಯಾಬು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದರೊಳಗೆ ಮುಗಿಸಿ ಕೊಡಬೇಕು. ಮೊದಲನೆಯ ಕೆಲಸ ಕೆಟ್ಟರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಎರಡನೆಯದು ಸಿಗುವುದಿಲ್ಲ ಎಂದು ಕಚೇರಿಯಲ್ಲಿ ಮುಖಕ್ಕೆ ಹೇಳಿ ಕಳಿಸಿದ್ದರು.

ಹೊರಡುವ ದಿನ ಹಳೆಯ ಧಣಿ ನಮ್ಮನೆಯವರ ಕರಣೆಯನ್ನು ಕೇಳಿ ತೆಗೆದುಕೊಂಡು ಗೋಡೆಯ ಗೂಟಕ್ಕೆ ತೂಗುಹಾಕಿದ. “ಆರ ತಿಂಗಳದಾಗ ತಿರುಗಿ ಬರ್ತಿ. ಅಲ್ಲೀತನಕ ಇದು ಇಲ್ಲೇ ಇರಲಿ” ಎಂದ. ಆ ಗೂಟವನ್ನು ನಾನು ಚೆನ್ನಾಗಿ ನೋಡಿಕೊಂಡೆ. ನಾವು ಸೋತರೆ ಅವರು ಕರಣೆಗೆ ವಾಪಸು, ನಾನು ಪುಟ್ಟಿಗೆ ವಾಪಸು, ಆ ಏಣಿಗೆ ವಾಪಸು. ಹೊಸ ಕರಣೆಯನ್ನು ಇಳಕಲ್ಲಿನಲ್ಲಿ ಕೊಂಡೆವು.

ಆ ಊರಿಗೆ ಸ್ಲ್ಯಾಬು ಹೊಸದು. ಅಲ್ಲಿ ಇದ್ದದ್ದೆಲ್ಲ ಮಣ್ಣಿನ ಮಾಳಿಗೆ. ಕಲ್ಲಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮೊಳ ದಪ್ಪದ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸ ಮಣ್ಣು ಹಾಕಿ ತುಳಿಯುತ್ತಾರೆ. ಅಂಥ ಮಾಳಿಗೆಯ ಮೇಲೆ ನೀರು ನಿಂತಿತೆಂದರೆ ಮನೆ ಕೂತಿತು ಎಂದೇ ಅರ್ಥ. ಮಗು ಮಾಳಿಗೆಯ ಮೇಲೆ ಒಂದು ತಂಬಿಗೆ ನೀರು ಚೆಲ್ಲಿದರೂ ಅಜ್ಜಿಯರು ಬೆನ್ನಿಗೆ ಗುದ್ದುತ್ತಿದ್ದರು. ಇದನ್ನು ನೆನಪಿಡಬೇಕು, ಮುಂದೆ ಬರುತ್ತದೆ.

ಗೋಡೆಗಳು ಎದ್ದವು. ಮೊದಲ ಖೋಲಿಯ ಸೆಂಟ್ರಿಂಗು ಆಯಿತು, ಅಂದರೆ ಸ್ಲ್ಯಾಬು ಹೊರಲು ಕೆಳಗೆ ಹಲಗೆ, ಗಳ ಎಲ್ಲ ನಿಲ್ಲಿಸಿದ್ದಾಯಿತು. ಸರಳು ಕಟ್ಟಿದ್ದಾಯಿತು. ಸಿಮೆಂಟು ಮಾತ್ರ ಬರಲಿಲ್ಲ. ಆಗ ಸಿಮೆಂಟು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಪರ್ಮಿಟ್ಟಿನ ಮೇಲೆ ಬರುವಂಥದ್ದು. ನಮ್ಮನೆಯವರು ಹುನಗುಂದಕ್ಕೆ ಹೋಗುವುದು, ಸಾಹೇಬರು ಇಲ್ಲವೆಂದು ಬರುವುದು, ಸಾಹೇಬರಿದ್ದರೆ ಸಹಿ ಇಲ್ಲವೆಂದು ಬರುವುದು. ಸರಳಿಗೆ ಜಂಗು ಹತ್ತಿತು. ಹಲಗೆಗೆ ಗೆದ್ದಲು ಹತ್ತಿತು. ಅಷ್ಟರಲ್ಲಿ ಹಳೆಯ ಇಂಜಿನಿಯರ ಸಾಹೇಬರಿಗೆ ವರ್ಗವಾಗಿ, ಮೈಸೂರಿನ ಕಡೆಯ ಒಬ್ಬ ಎಳೆಯ ಸಾಹೇಬರು ಬಂದರು.

ಏಪ್ರಿಲ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಲಾರಿಯಲ್ಲಿ ಸಿಮೆಂಟು ಬಂತು, ಮೊದಲ ಖೋಲಿಗೆ ಸಾಲುವಷ್ಟು. ಅದರ ಹಿಂದೆಯೇ ಜೀಪಿನಲ್ಲಿ ಎಳೆಯ ಸಾಹೇಬರು. ಬಯಲಲ್ಲಿ ಚೀಲ ಇಟ್ಟರೆ ಸಿಮೆಂಟು ಕೆಡುತ್ತದೆ, ನಾಳೆ ಭಾನುವಾರವೇ ಸ್ಲ್ಯಾಬು ಹಾಕಿ ಮುಗಿಸಿ, ಸೋಮವಾರ ನನಗೆ ಬೇರೆ ಊರಿನಲ್ಲಿ ಕೆಲಸವಿದೆ, ಮಂಗಳವಾರ ಬಂದು ನೋಡುತ್ತೇನೆ ಎಂದರು. ನಮ್ಮನೆಯವರು ಹೂಂ ಎಂದು ಗೋಣು ಹಾಕಿದರು. ತಪ್ಪಾದದ್ದು ಅಲ್ಲೇ.

ಭಾನುವಾರದ ಕೆಲಸಕ್ಕೆ ಗುಳೇದಗುಡ್ಡದ ಕಡೆಯಿಂದ ನಲವತ್ತು ಜನ ಲಾರಿಯಲ್ಲಿ ಬಂದಿಳಿದರು. ಮೂಲೆಗೆ ಭಂಡಾರ ಹಚ್ಚಿ, ಕಾಯಿ ಒಡೆದು ಶುರುಮಾಡಿದೆವು. ಸ್ಲ್ಯಾಬು ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಖಡಿ, ಉಸುಕು, ಸಿಮೆಂಟು ತಗಡಿನ ಮೇಲೆ ಸಲಿಕೆಯಿಂದ ಕಲಸುವುದು, ಪುಟ್ಟಿ ಕೈಯಿಂದ ಕೈಗೆ ಏರುವುದು, ಖಾಲಿ ಪುಟ್ಟಿ ಮೇಲಿನಿಂದ ಬೀಳುವುದು. ಇಳಿಹೊತ್ತಿಗೆ ಮುಗಿಯಿತು. ನಾನು ಗೋಧಿ ಹುಗ್ಗಿ ಮಾಡಿ ಎಲ್ಲರಿಗೂ ಬಡಿಸಿದೆ. ಅವರು ಕೈತೊಳೆದುಕೊಂಡು ಅದೇ ಲಾರಿ ಹತ್ತಿ ಹೋದರು. ಉಳಿದದ್ದು ನಾವಿಬ್ಬರು, ನಮ್ಮ ಐದು ವರ್ಷದ ಮಗಳು, ಸೆಂಟ್ರಿಂಗು ಕಾಯಲು ಒಬ್ಬ ಮುದಿ ಬಡಿಗ.

ಸಿಮೆಂಟಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಸ್ಲ್ಯಾಬು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಹಾಕಿದ ಮರುದಿನ ಬೆಳಿಗ್ಗೆಯಿಂದಲೇ ಅದರ ಮೇಲೆ ನೀರು ನಿಲ್ಲಬೇಕು. ಅದರಲ್ಲೂ ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮೊದಲ ದಿನ ನೀರು ತಪ್ಪಿದರೆ ಬಿರುಕು ಬಿಡುತ್ತದೆ, ಮಳೆ ಬಂದಾಗ ಸೋರುತ್ತದೆ. ಸೋರುವ ಸ್ಲ್ಯಾಬನ್ನು ಸಾಹೇಬರು ಒಡೆಸುತ್ತಾರೆ.

ನಮಗೆ ನೀರು ಬರುತ್ತಿದ್ದುದು ಊರ ಗೌಡರ ಹೊಲದ ಬಾವಿಯಿಂದ. ಎರಡು ಎತ್ತಿನ ಬಂಡಿಗಳ ಮೇಲೆ ಪೀಪಾಯಿ ಇಟ್ಟು ತರಿಸಿ, ಕಟ್ಟಡದ ಪಕ್ಕದ ತೊಟ್ಟಿಗೆ ಸುರುವಿಸಿಕೊಳ್ಳುತ್ತಿದ್ದೆವು. ಗೋಡೆ ಕಟ್ಟುವಾಗ ಒಂದು ತೊಟ್ಟಿ ನೀರು ಎರಡು ದಿನ ಬರುತ್ತಿತ್ತು. ಭಾನುವಾರದ ಸ್ಲ್ಯಾಬು ಇಡೀ ತೊಟ್ಟಿಯನ್ನು ಕುಡಿದು ತಳ ಕಾಣಿಸಿತ್ತು.

ಸೋಮವಾರ ಮೊದಲ ಬಸ್ಸಿಗೆ ನಮ್ಮನೆಯವರು ಹುನಗುಂದಕ್ಕೆ ಹೊರಟರು, ಎರಡನೆಯ ಖೋಲಿಯ ಪರ್ಮಿಟ್ಟಿಗೆ ಆಗಿನಿಂದಲೇ ಬೆನ್ನು ಹತ್ತಲು. “ಬಂಡಿ ಬಂದಕೂಡ್ಲೇ ಮ್ಯಾಲ ನೀರ ಬಿಡು” ಎಂದು ಹೇಳಿ ಹೋದರು.

ಬಂಡಿ ಬರಲಿಲ್ಲ. ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬಂತು. ನಾನು ಮಗಳನ್ನು ಬಡಿಗನ ಹತ್ತಿರ ಬಿಟ್ಟು ಬಂಡಿಯವನ ಮನೆಗೆ ಹೋದೆ. ಅವನು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚುತ್ತಿದ್ದ. ನೋಡಿದ ಕೂಡಲೇ ನನಗೆ ತಿಳಿಯಿತು. ತಿಳಿದರೂ ಕೇಳಿದೆ.

“ಇವತ್ತ ಸ್ವಾಮಾರ ಅಲ್ಲೇನವ್ವ” ಎಂದ. “ಸ್ವಾಮಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ನಿನ್ನಿ ಹೇಳಿದ್ರ ನಿನ್ನೀನ ತುಂಬಿಸಿ ಕೊಡ್ತಿದ್ದೆ.”

ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ. ಯಾರೂ ಎತ್ತು ಹೂಡುವುದಿಲ್ಲ. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಎಷ್ಟು ಗೊತ್ತೆಂದರೆ ಯಾರೂ ಯಾರಿಗೂ ಹೇಳುವುದಿಲ್ಲ. ಮೈಸೂರಿನ ಕಡೆಯ ಸಾಹೇಬರಿಗೆ ತಿಳಿಯದಿದ್ದರೆ ಅದು ಅವರ ತಪ್ಪಲ್ಲ. ನಮ್ಮನೆಯವರಿಗೆ ಗೊತ್ತಿತ್ತು, ನೆನಪಾಗಲಿಲ್ಲ. ಕುರಿಯ ಮನೆಯಲ್ಲಿ ಬೆಳೆದವರು. ಕುರಿಗೆ ಸೋಮವಾರವಿಲ್ಲ, ದಿನವೂ ಅಡವಿಗೆ ಹೋಗಲೇಬೇಕು. ಆಮೇಲೆ ಪೇಟೆಯಲ್ಲಿ ನಲ್ಲಿ ನೀರಿನಿಂದ ಗಾರೆ ಕಲಸಿದವರು. ಹಿಂದಿನ ಸೋಮವಾರಗಳಲ್ಲಿ ತೊಟ್ಟಿಯಲ್ಲಿ ನೀರಿತ್ತು, ಬಂಡಿ ಬಾರದ್ದು ಅವರ ಗಮನಕ್ಕೆ ಬಂದಿರಲಿಲ್ಲ. ನನ್ನ ಗಮನಕ್ಕೂ ಬಂದಿರಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ.

ಎತ್ತಿಗೆ ಸೋಮವಾರ ಇದ್ದರೆ ಇರಲಿ, ಕೊಡಕ್ಕೆ ಇಲ್ಲವಲ್ಲ ಎಂದುಕೊಂಡು ನೇರ ಗೌಡರ ಬಾವಿಗೆ ಹೋದೆ. ಗೌಡರು ಬಾವಿಯ ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದರು. ಆರಡಿ ಎತ್ತರದ ಮನುಷ್ಯ, ಮಾತು ಕಡಿಮೆ. ಮಾಳಿಗೆಯ ಮೇಲೆ ಸುರುವಲು ನೀರು ಬೇಕು, ಸಂಜೆಯವರೆಗೂ ಸೇದುತ್ತೇವೆ ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಮಾಳಗಿ ಮ್ಯಾಲ ನೀರ ಸುರುವೂದಾ? ನಿಮಗ ಕೆಲಸ ಕೊಟ್ಟವರಿಗೆ ಬುದ್ಧಿ ಇಲ್ಲೋ ನಿಮಗಿಲ್ಲೋ?”

ಗಾರೆ ಕಲಸಲು ಇಷ್ಟು ದಿನ ನೀರು ಕೊಟ್ಟೆ, ಬೇಸಿಗೆಯಲ್ಲಿ ದನಕ್ಕೆ ಇರುವ ನೀರನ್ನು ಬಿಸಿಲಿಗೆ ಚೆಲ್ಲಲು ಕೊಡುವುದಿಲ್ಲ, ಬಿಸಿಲು ಒಳ್ಳೆಯದು, ನಿಮ್ಮ ಮಾಳಿಗೆ ಬೇಗ ಒಣಗುತ್ತದೆ ಎಂದರು. ಅವರ ಮಾತು ಅವರ ಮಣ್ಣಿನ ಮಾಳಿಗೆಗೆ ಸರಿಯಾಗಿಯೇ ಇತ್ತು. ಬಾಯಿ ಮಾತಿನಿಂದ ಆಗುವ ಕೆಲಸವಲ್ಲ ಎಂದು ಕಂಡಿತು. “ನಿಮ್ಮ ಕೋಲ ತಗೊಂಡು ನನ್ನ ಜೋಡಿ ಬರ್ರಿ ಗೌಡ್ರ. ನಾ ಹೇಳೂದು ಸುಳ್ಳಾದ್ರ ಅದ ಕೋಲಿನಿಂದ ಹೊಡೀರಿ” ಎಂದೆ.

ಬಂದರು. ಹೊಡೆಯುವುದಕ್ಕೋ ನೋಡುವುದಕ್ಕೋ ಗೊತ್ತಿಲ್ಲ, ಬಂದರು.

ಭಾನುವಾರ ಕಲಸುವಾಗ ಸಿಮೆಂಟು ಅಂಗಳದಲ್ಲಿ ಅಲ್ಲಲ್ಲಿ ಚೆಲ್ಲಿತ್ತು. ಬಿಸಿಲಲ್ಲಿ ಬಿದ್ದ ಒಂದು ಚಕ್ಕೆಯನ್ನು ತೋರಿಸಿ, ಕೋಲಿನಿಂದ ಕೆರೆಯಲು ಹೇಳಿದೆ. ಕೆರೆದರು. ಹಿಟ್ಟಿನ ಹಾಗೆ ಪುಡಿಯಾಗಿ ಎದ್ದಿತು. ಆಮೇಲೆ ಅಂಗಳದಲ್ಲಿದ್ದ ನಮ್ಮ ಕುಡಿಯುವ ನೀರಿನ ಪೀಪಾಯಿಯ ತೂತಿನಿಂದ ರಾತ್ರಿಯೆಲ್ಲ ನೀರು ತೊಟ್ಟಿಕ್ಕಿದ ಜಾಗಕ್ಕೆ ಕರೆದೊಯ್ದೆ. ಅಲ್ಲಿಯೂ ಅಂಥದೇ ಒಂದು ಚಕ್ಕೆ. ಅದೂ ಭಾನುವಾರದ್ದೇ, ಅದೇ ಪುಟ್ಟಿಯದ್ದೇ. ಗೌಡರು ಕೆರೆದರು. ಕೋಲಿನ ತುದಿ ಜಾರಿತು. ಮತ್ತೆ ಕೆರೆದರು, ಕುಕ್ಕಿದರು, ಕೂತು ಉಗುರಿನಿಂದ ನೋಡಿದರು.

“ಇದು ನೀರ ಕುಡದೈತಿ, ಅದು ಕುಡದಿಲ್ಲ” ಎಂದೆ. “ಮ್ಯಾಲಿಂದು ಅದರಂಗ ಆಗಬೇಕೋ ಇದರಂಗ ಆಗಬೇಕೋ ನೀವ ಹೇಳ್ರಿ.”

ಗೌಡರು ಎದ್ದು ಪಂಚೆ ಕೊಡವಿಕೊಂಡರು. ಬಾವಿಗೆ ಇಳಿಯುವ ಮೆಟ್ಟಿಲುಗಳಲ್ಲಿ ಕೆಳಗಿನ ನಾಲ್ಕು ಮೆಟ್ಟಿಲಿನ ನೀರು ದನದ್ದು, ಅದನ್ನು ಮುಟ್ಟಬಾರದು, ಮೇಲಿನದನ್ನು ಸೇದಿಕೊಳ್ಳಿ ಎಂದರು. ಹೋಗುವಾಗ ತಿರುಗಿ, “ಎತ್ತ ಮಾತ್ರ ಹೂಡಂಗಿಲ್ಲ. ಯಾರ ಹೊರತಾರ?” ಎಂದು ಕೇಳಿದರು. ಅದು ನನಗೂ ಗೊತ್ತಿರಲಿಲ್ಲ.

ಆದರೆ ಊರೊಳಗೆ ನಡೆದುಕೊಂಡು ಬರುವಾಗ ಒಂದು ಕಂಡಿತು. ಎಲ್ಲ ಕಟ್ಟೆಗಳ ಮೇಲೆ ಹೆಣ್ಣುಮಕ್ಕಳು ಕೂತಿದ್ದರು. ಒಬ್ಬರ ಹೇನು ಒಬ್ಬರು ನೋಡುವವರು, ಕೌದಿ ಹೊಲಿಯುವವರು. ಎತ್ತು ಹೂಡದ ದಿನ ಹೊಲದ ಕೆಲಸವಿಲ್ಲ. ಬೇರೆ ದಿನವಾಗಿದ್ದರೆ ಊರಲ್ಲಿ ಒಂದು ನರಪಿಳ್ಳೆಯೂ ಸಿಗುತ್ತಿರಲಿಲ್ಲ. ನನ್ನ ಎತ್ತುಗಳನ್ನು ಕಿತ್ತುಕೊಂಡ ಸೋಮವಾರವೇ ಈ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಿತ್ತು.

ಹನುಮಪ್ಪನ ಗುಡಿಯ ಹತ್ತಿರದ ಕಟ್ಟೆಗೆ ಹೋಗಿ ವಿಷಯ ಹೇಳಿದೆ. ಕೂಲಿ ಎಷ್ಟು ಎಂದು ಕೇಳಿದರು. ಇವತ್ತು ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ. ಕೌದಿ ಹೊಲಿಯುತ್ತಿದ್ದ ಒಬ್ಬಾಕೆ ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡಿದಳು. “ಗುತ್ತಿಗಿ ನಿಮ್ಮದು, ಗಂಟ ನಿಮ್ಮದು, ಕುತಿಗಿ ನಮ್ಮದೇನ?”

“ಗಂಟ ನಮ್ಮದ ಐತಿ, ಹೌದು” ಎಂದೆ. “ಆದ್ರ ಅದರ ಕೆಳಗ ಕುಂಡ್ರೋರು ನಿಮ್ಮ ಮಕ್ಕಳು. ಬಿರುಕ ಬಿಟ್ರ ನಾವು ಬಾಗಲಕೋಟಿಗೆ ಹೋಕ್ಕೇವಿ, ಮಕ್ಕಳು ಇಲ್ಲೇ ಇರ್ತಾವ. ಬರೂದಾದ್ರ ಬರ್ರಿ, ಇಲ್ಲಂದ್ರ ನಾ ಒಬ್ಬಾಕಿನ ಹೊರತೇನಿ. ನಂಗ ಕುಂಡ್ರಾಕ ಹೊತ್ತಿಲ್ಲ.”

ಕೈಮುಗಿಯಲಿಲ್ಲ, ಅಳಲಿಲ್ಲ. ಕೊಡ ಎತ್ತಿಕೊಂಡು ಬಾವಿಗೆ ನಡೆದೆ. ಎರಡು ಸಲ ಒಬ್ಬಳೇ ಹೊತ್ತು ಮೇಲೆ ಸುರುವಿದೆ. ಎರಡು ಕೊಡ ನೀರು ಆ ಸ್ಲ್ಯಾಬಿನ ಮೇಲೆ ಕಾಣಲೂ ಇಲ್ಲ. ಬಿಸಿ ಹೆಂಚಿನ ಮೇಲೆ ಚಿಮುಕಿಸಿದ ಹಾಗೆ ಆವಿಯಾಗಿ ಹೋಯಿತು. ಮೂರನೆಯ ಸಲ ಬಾವಿಗೆ ಹೋದಾಗ ಒಬ್ಬ ಮುದುಕಿ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ನಿಂತಿದ್ದಳು. ಅವಳಿಗೆ ಶಾಲೆಗೆ ಹೋಗುವ ಮೊಮ್ಮಗಳಿದ್ದಳೋ, ಅಥವಾ ಸಿಮೆಂಟಿನ ಮಾಳಿಗೆಯನ್ನು ಹತ್ತಿ ನೋಡುವ ಆಸೆಯೋ. ಆಸೆಯೇ ಇರಬೇಕು. ಯಾಕೆಂದರೆ ಕೊಡ ತುಂಬುವ ಮೊದಲೇ, “ಮ್ಯಾಲ ತನಕ ಹತ್ತಾಕ ಬಿಡತಿ ಹೌದಿಲ್ಲೋ?” ಎಂದು ಕರಾರು ಮಾಡಿಕೊಂಡಳು.

ಅವಳು ಹತ್ತಿದ್ದನ್ನು ಓಣಿಯೆಲ್ಲ ನೋಡಿತು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೌದಿಯವಳೂ ಬಂದಳು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು. ಒಟ್ಟು ಎಷ್ಟು ಜನ ಎಂದು ನಾನು ಎಣಿಸಲಿಲ್ಲ. ಏಣಿ ಮಾತ್ರ ಬರಿದಾಗಿರಲಿಲ್ಲ.

ಸುರುವಿದ ನೀರು ನಿಲ್ಲದೆ ಅಂಚಿನಿಂದ ಕೆಳಗೆ ಹರಿಯತೊಡಗಿತು. ಖಾಲಿ ಸಿಮೆಂಟಿನ ಚೀಲಗಳನ್ನು ತೋಯಿಸಿ ಹಾಸಲು ನೋಡಿದೆ, ಚೀಲ ಸಾಲಲಿಲ್ಲ. ಆಗ ಕೌದಿಯವಳು ಸೊಂಟದ ಮೇಲೆ ಕೈಯಿಟ್ಟು ನಿಂತು, “ಇಷ್ಟ ನೀರ ಹೊತ್ತು ಹಳ್ಳಕ್ಕ ಬಿಡಾಕತ್ತೀರಿ. ಉಳ್ಳಾಗಡ್ಡಿಗಿ ಹಿಂಗ ಬಿಡತಾರೇನು?” ಎಂದಳು. ಕೆಳಗಿನಿಂದ ಎರೆಮಣ್ಣು ತರಿಸಿದಳು. ಉಳ್ಳಾಗಡ್ಡಿ ಹೊಲದಲ್ಲಿ ನೀರು ಕಟ್ಟುವ ಮಡಿ ಮಾಡುತ್ತಾರಲ್ಲ, ಹಾಗೆ ಗೇಣೆತ್ತರದ ಬದು ಹಾಕಿ, ಸ್ಲ್ಯಾಬಿನ ಮೇಲೆ ಚೌಕ ಚೌಕ ಮಡಿ ಮಾಡಿದರು. ಹನ್ನೆರಡು ವರ್ಷ ದೊಡ್ಡ ಗುತ್ತಿಗೆದಾರನ ಕೈಕೆಳಗೆ ದುಡಿದರೂ ಅಷ್ಟು ಚೊಕ್ಕ ಬದು ನಾನು ನೋಡಿರಲಿಲ್ಲ. ನೀರು ನಿಂತಿತು. ಸಸಿ ನೆಡುವುದೊಂದು ಬಾಕಿ ಎಂದು ಯಾರೋ ಅಂದರು. ಬಾವಿಯಿಂದ ಮಾಳಿಗೆಯವರೆಗೂ ನಗು.

ಒಂದು ಮೂಲೆ ಮಾತ್ರ ಹಿಂದೆ ಬಿತ್ತು. ಏಣಿಯಿಂದ ದೂರದ, ಪಡುವಣ ದಿಕ್ಕಿನ ಮೂಲೆ. ಅಲ್ಲಿಗೆ ನೀರು ಮುಟ್ಟುವ ಹೊತ್ತಿಗೆ ಸೂರ್ಯ ಆ ಕಡೆಗೆ ವಾಲಿದ್ದ.

ಸಂಜೆಯ ಬಸ್ಸಿಗೆ ನಮ್ಮನೆಯವರು ಬಂದರು. ಊರ ಅಗಸೆಯ ಬಾಗಿಲ ಹತ್ತಿರವೇ ಯಾರೋ ಹೇಳಿರಬೇಕು, ಓಡುತ್ತ ಬಂದರು. ಏಣಿ ಹತ್ತಿ ಮಡಿಗಳನ್ನು ನೋಡಿದರು, ಅಂಚಿನ ಮೇಲೆ ಕೂತರು. “ಸ್ವಾಮಾರ ಅನ್ನೂದು ತಲ್ಯಾಗ ಬರಲಿಲ್ಲ” ಎಂದರು.

“ಕುರಿ ತಲಿಗೆ ಹೆಂಗ ಬರಬೇಕು” ಎಂದೆ. ಅದಕ್ಕಿಂತ ಹೆಚ್ಚು ಬೈಯಲಿಲ್ಲ. ಬೈದರೆ ಬಿರುಕು ಮುಚ್ಚುವುದಿಲ್ಲ.

ಬಿರುಕು ಬಂದಿತ್ತು. ಆ ಮೂಲೆಯಲ್ಲಿ, ಕೂದಲೆಳೆಯಂಥ ಮೂರು ಗೆರೆ, ಮೊಳದುದ್ದ. ಬಡಿಗ ಮುದುಕ ಅದನ್ನು ನೋಡಿ, ನಾಳೆ ಸಾಹೇಬರು ಬರುವ ಮೊದಲು ತೆಳ್ಳಗೆ ಸಿಮೆಂಟು ಸವರಿಬಿಟ್ಟರೆ ಕಾಣುವುದಿಲ್ಲ, ಎಲ್ಲರೂ ಮಾಡುತ್ತಾರೆ ಎಂದ. ನಮ್ಮನೆಯವರು ಕೈಯಲ್ಲಿ ಕರಣೆ ಹಿಡಿದು ಅರ್ಧ ಎದ್ದಿದ್ದರು. ನಾನು ಆ ಕರಣೆಯನ್ನು ಇಸಿದುಕೊಂಡೆ. ಹೆಣ್ಣುಮಕ್ಕಳು ದಿನವಿಡೀ ಕುತ್ತಿಗೆ ನೋಯಿಸಿಕೊಂಡದ್ದು ಸುಳ್ಳು ಸವರುವುದಕ್ಕಲ್ಲ. ಮಳೆಗಾಲದಲ್ಲಿ ಸೋರಿದ ಮೇಲೆ ಸಿಕ್ಕಿಬೀಳುವುದಕ್ಕಿಂತ ನಾಳೆಯೇ ತೋರಿಸುವುದು ಒಳ್ಳೆಯದು ಎಂದೆ.

ಮಂಗಳವಾರ ಬಂಡಿಗಳು ಬಂದವು, ಸಾಹೇಬರೂ ಬಂದರು. ಮಾಳಿಗೆ ಹತ್ತಿ ಮಡಿಗಳನ್ನು ನೋಡಿ, “ಇದನ್ನು ಯಾರು ಮಾಡಿದ್ದು? ಚೆನ್ನಾಗಿದೆ” ಎಂದರು. ನಮ್ಮನೆಯವರು ಮೊದಲು ಆ ಮೂಲೆಗೇ ಕರೆದುಕೊಂಡು ಹೋಗಿ ತೋರಿಸಿದರು, ನೀರು ತಡವಾದದ್ದನ್ನೂ ಹೇಳಿದರು. ಸಾಹೇಬರ ಮುಖ ಗಂಟಾಯಿತು. ಸಿಮೆಂಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಬಿರುಕಿಗೆ ಕುಡಿಸಿ, ಇಪ್ಪತ್ತೊಂದು ದಿನ ಬಿಡದೆ ನೀರು ನಿಲ್ಲಿಸಬೇಕು ಎಂದರು.

“ಸೆಂಟ್ರಿಂಗ್ ಬಿಚ್ಚಿದ ಮೇಲೆ ಮಳೆಗೆ ಒಂದು ಹನಿ ಸೋರಿದರೂ ನಾನು ಒಪ್ಪುವುದಿಲ್ಲ. ಇದನ್ನು ಒಡೆಸುತ್ತೇನೆ, ನಿಮ್ಮ ಹೆಸರನ್ನೂ ತೆಗೆಸುತ್ತೇನೆ” ಎಂದರು. ಸುಮ್ಮನೆ ಹೆದರಿಸುವ ಮಾತಲ್ಲ ಅದು. ಎಳೆಯ ವಯಸ್ಸು, ಮೊದಲ ನೌಕರಿ. ಅವರ ಹೆಸರೂ ಆ ಮಾಳಿಗೆಯ ಮೇಲೆ ಇತ್ತು.

ಇಪ್ಪತ್ತೊಂದು ದಿನ ನೀರು ನಿಲ್ಲಿಸಿದೆವು. ಭಾನುವಾರ ಎರಡು ಪೀಪಾಯಿ ಹೆಚ್ಚು ತರಿಸಿಡುತ್ತಿದ್ದೆವು. ನಮ್ಮನೆಯವರು ಪಕ್ಕದಲ್ಲಿ ಇನ್ನೊಂದು ತೊಟ್ಟಿ ಕಟ್ಟಿದರು. ಯಾರೂ ಹೇಳಿರಲಿಲ್ಲ, ಇನ್ನು ಮರೆಯಬಾರದು ಎಂದು ಹಣೆಯ ಮೇಲೆ ಬರೆದುಕೊಂಡವರ ಹಾಗೆ ಕಟ್ಟಿದರು. ಆಮೇಲೆ ಸೆಂಟ್ರಿಂಗು ಬಿಚ್ಚಿದೆವು. ಸ್ಲ್ಯಾಬು ನಿಂತಿತು. ಆ ಮೂಲೆಯ ಕೆಳಗೆ ಅಂಗೈಯಗಲ 
 ತೇವದ ಕಲೆ ಇತ್ತು. ಎರಡು ದಿನಕ್ಕೆ ಆರಿತು. ಆರಿದ್ದು ಬಿರುಕು ಮುಚ್ಚಿದ್ದರಿಂದಲೋ, ಮೇಲಿನ ನೀರು ತೆಗೆದದ್ದರಿಂದಲೋ, ಮಳೆ ಬಾರದೆ ತಿಳಿಯುವಂತಿರಲಿಲ್ಲ.

ಅದೇ ವಾರ ಶುಕ್ರವಾರ ಎರಡನೆಯ ಖೋಲಿಯ ಸಿಮೆಂಟು ಬಂತು. ಮುಗಿಲಲ್ಲಿ ಮೋಡ ಓಡಾಡತೊಡಗಿದ್ದವು. ಮುಂಗಾರಿಗೆ ಮುಂಚಿನ ಅಡ್ಡಮಳೆಯ ದಿನಗಳು. ಸಾಹೇಬರು ಜೀಪಿನಿಂದ ಇಳಿಯುತ್ತಲೇ, ಮಳೆ ಬರುವ ಲಕ್ಷಣ ಇದೆ, ಭಾನುವಾರವೇ ಹಾಕಿಬಿಡಿ ಎಂದರು.

ನಮ್ಮನೆಯವರು ಈ ಸಲ ಗೋಣು ಹಾಕಲಿಲ್ಲ. “ಸ್ವಾಮಾರ ಹಾಕ್ತೀವ್ರಿ ಸಾಹೇಬ್ರ” ಎಂದರು. ಶನಿವಾರ, ಭಾನುವಾರ ಬಂಡಿಯಿಂದ ಎರಡೂ ತೊಟ್ಟಿ ತುಂಬಿಸುತ್ತೇವೆ, ಸೋಮವಾರ ಊರಿನ ಕೈಗಳೆಲ್ಲ ಖಾಲಿ ಇರುತ್ತವೆ, ಗುಳೇದಗುಡ್ಡದಿಂದ ಅರ್ಧ ಜನ ಸಾಕು, ಮಂಗಳವಾರ ಬೆಳಿಗ್ಗೆ ಮತ್ತೆ ಬಂಡಿ ಹೊರಡುತ್ತವೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು.

“ಅಲ್ಲಿಯವರೆಗೆ ಸಿಮೆಂಟು ಎಲ್ಲಿಡುತ್ತೀರಿ? ನೆನೆದರೆ ಈ ವರ್ಷ ಇನ್ನೊಂದು ಪರ್ಮಿಟ್ಟು ಸಿಗುವುದಿಲ್ಲ” ಎಂದರು ಸಾಹೇಬರು.

“ಈ ಖೋಲ್ಯಾಗ” ಎಂದೆ ನಾನು.

ಅವರು ಮೊದಲ ಖೋಲಿಯ ಕಡೆಗೆ, ಆ ಮೂಲೆಯ ಕಡೆಗೆ ನೋಡಿದರು. “ಸೋರಿದರೆ?”

“ಸೋರಿದ್ರ ನೀವ ಒಡಸ್ರಿ, ಹೆಸರೂ ತಗಸ್ರಿ. ಸೋರೂ ಮಾಳಗಿ ಕಟ್ಟಿದವರಿಗೆ ಎರಡನೇ ಸಿಮೆಂಟ ಯಾಕ ಬೇಕು?”

ಸಾಹೇಬರು ನಮ್ಮನೆಯವರ ಮುಖ ನೋಡಿದರು. ನಮ್ಮನೆಯವರು ಹೌದು ಎಂದರು. ಹೇಳಿ, ಮೊದಲ ಚೀಲವನ್ನು ತಾವೇ ಹೆಗಲಿಗೆ ಎತ್ತಿಕೊಂಡರು.

ಚೀಲಗಳನ್ನು ಮೊದಲ ಖೋಲಿಯಲ್ಲಿ ಹಲಗೆಯ ಮೇಲೆ ಒಟ್ಟಿದೆವು. ಕಿಟಕಿ, ಬಾಗಿಲಿಗೆ ತಗಡು ಕಟ್ಟಿದೆವು. ನಮ್ಮನೆಯವರು ಆ ಮೂಲೆಯನ್ನು ಬಿಟ್ಟು ಒಟ್ಟುತ್ತಿದ್ದರು. ನಾನು ಒಂದು ಚೀಲ ಎಳೆದು ಸರಿಯಾಗಿ ಆ ಕಲೆಯ ಕೆಳಗೇ ಇಟ್ಟೆ. ಅದರ ಮೇಲೆ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಉದುರಿಸಿದೆ. ಬೂದಿಯ ಮೇಲೆ ಒಂದು ಹನಿ ಬಿದ್ದರೂ ಗುರುತು ಉಳಿಯುತ್ತದೆ, ಆಮೇಲೆ ಯಾರೂ ಬಿದ್ದಿಲ್ಲ ಅನ್ನುವಂತಿಲ್ಲ. ನಾನೂ ಅನ್ನುವಂತಿಲ್ಲ.

ಶನಿವಾರ ಮಧ್ಯಾಹ್ನ ಮಳೆ ಬಂತು. ಮೊದಲು ಕೆಂಪು ಧೂಳು, ಆಮೇಲೆ ಆನೆಕಲ್ಲು, ಆಮೇಲೆ ನೀರು. ನಾವು ಇರುತ್ತಿದ್ದ ತಗಡಿನ ಶೆಡ್ಡಿನ ಒಂದು ಮಗ್ಗುಲು ಹಾರಿ ಹೋಯಿತು. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಶಾಲೆಯ ಖೋಲಿಯೊಳಗೆ ಓಡಿದೆವು. ಸಿಮೆಂಟಿನ ಚೀಲಗಳ ನಡುವೆ ನಿಂತೆವು. ಮೇಲೆ ಮಳೆ ಬೀಳುವ ಸದ್ದು ಕಲ್ಲು ಸುರುವಿದ ಹಾಗೆ ಇತ್ತು. ನಮ್ಮನೆಯವರು ಮೂಲೆಗೆ ಬೆನ್ನು ಹಾಕಿ ನಿಂತಿದ್ದರು. ನಾನು ಬೂದಿಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮಳೆ ನಿಂತಿತು. ಗೌಡರು ಕಂಬಳಿಯ ಕೊಪ್ಪೆ ಹೊದ್ದು, ಕೆಸರು ತುಳಿಯುತ್ತ ಬಂದರು. ಅವರ ಅಟ್ಟದ ಮನೆಯೇ ಎರಡು ಕಡೆ ತೊಟ್ಟಿಕ್ಕಿತ್ತಂತೆ. ಒಳಗೆ ಬಂದು, ಕೇಳದೆ, ನೇರ ಮೂಲೆಗೆ ಹೋಗಿ ಬಗ್ಗಿ ನೋಡಿದರು. ಬೂದಿ ನಾನು ಉದುರಿಸಿದ ಹಾಗೇ ಇತ್ತು. ನಮ್ಮ ಮಗಳು ಹೋಗಿ ಅದರ ಮೇಲೆ ಬೆರಳಿನಿಂದ ಗೀರಿದಳು. ಬೆರಳು ಒಣಗಿಯೇ ಇತ್ತು.

“ಸ್ವಾಮಾರ ನಮ್ಮ ಮನಿಯಿಂದ ನಾಕ ಮಂದಿ ಬರ್ತಾರ” ಎಂದಷ್ಟೇ ಹೇಳಿ ಗೌಡರು ಹೋದರು.

ಸೋಮವಾರ ಎರಡನೆಯ ಸ್ಲ್ಯಾಬು ಹಾಕಿದೆವು. ಕೂಲಿ ಕೊಟ್ಟೇ ಹಾಕಿಸಿದೆವು, ಊರವರಿಗೂ ಕೊಟ್ಟೆವು. ಮೊದಲ ಸಲದ ಪುಕ್ಕಟೆ ಕೆಲಸವನ್ನು ಅಭ್ಯಾಸ ಮಾಡಿಕೊಳ್ಳಬಾರದು. ಮಂಗಳವಾರ ಬೆಳಿಗ್ಗೆ ನಾನು ಏಳುವ ಮೊದಲೇ ಕೌದಿಯವಳು ಎರೆಮಣ್ಣಿನ ಬುಟ್ಟಿ ಹೊತ್ತು ಏಣಿಯ ಬುಡದಲ್ಲಿ ನಿಂತಿದ್ದಳು. ಶಾಲೆ ಜೂನ್‌ನಲ್ಲಿ ಸಮಯಕ್ಕೆ ಸರಿಯಾಗಿ ತೆರೆಯಿತು. ಸಾಹೇಬರು ಸಹಿ ಹಾಕಿದರು. ಬಿಲ್ಲು ಮಾತ್ರ ದೀಪಾವಳಿ ದಾಟಿದ ಮೇಲೆ ಬಂತು, ಅದು ಆ ಫಾರ್ಮಿನಲ್ಲಿ ಅಚ್ಚಾಗಿಯೇ ಇದೆ.

ಆಮೇಲೆ ನಾವು ಬಾದಾಮಿಯ ಕಡೆ, ಶಿವಯೋಗ ಮಂದಿರದ ಹತ್ತಿರದ ಹಳ್ಳಿಗಳಲ್ಲಿ, ಇಳಕಲ್ಲಿನ ಸುತ್ತ ಎಷ್ಟೋ ಕೆಲಸ ಮಾಡಿದೆವು. ಕೆಲವು ತಡವಾದವು, ಒಂದೆರಡರಲ್ಲಿ ಕೈ ಸುಟ್ಟುಕೊಂಡೆವು. ಸಿಮೆಂಟಿಗೆ ಕಾದೆವು, ಸಹಿಗೆ ಕಾದೆವು. ಅವು ನಮ್ಮ ಕೈಯಲ್ಲಿ ಇರಲಿಲ್ಲ. ಹೊಸ ಊರಿಗೆ ಹೋದರೆ ನಕ್ಷೆ ಬಿಚ್ಚುವ ಮೊದಲು ನಾನು ಓಣಿಗಳಲ್ಲಿ ತಿರುಗಿ ಬರುತ್ತಿದ್ದೆ. ನೀರು ಯಾರದು, ಯಾವ ವಾರ ಏನು ಮಾಡುವುದಿಲ್ಲ, ಯಾವ ವಾರ ಹೆಣ್ಣುಮಕ್ಕಳು ಮನೆಯಲ್ಲಿರುತ್ತಾರೆ, ಎಲ್ಲ ಕೇಳಿಕೊಂಡು ಬಂದು ಹೇಳಿದ ಮೇಲೆ ನಮ್ಮನೆಯವರು ದಿನ ಗೊತ್ತುಮಾಡುತ್ತಿದ್ದರು. ಹಳೆಯ ಧಣಿಯ ಗೂಟದಲ್ಲಿ ಆ ಕರಣೆ ಏನಾಯಿತೋ, ಕೇಳಲು ಹೋಗಲಿಲ್ಲ.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಕಾಲೇಜಿನ ಹುಡುಗರು ತಲಾ ಮೂರು ರೊಟ್ಟಿ ತಿಂದಿದ್ದರು. ನಮ್ಮನೆಯವರು ಮಡಚಿದ ಫಾರ್ಮನ್ನು ಬಿಚ್ಚಿ, ಖಾಲಿ ಗೆರೆಯ ಮೇಲೆ ‘ಸೋಮವಾರ’ ಎಂದು ಬರೆದರು. ಆಮೇಲೆ ಮೇಲಕ್ಕೆ ಹೋಗಿ ‘ಅನುಭವ ಸಾಲದಿರುವುದು’ ಎಂಬುದರ ಮುಂದಿನ ಗುರುತನ್ನು ಇನ್ನೊಂದು ಸಲ ದಪ್ಪಗೆ ತಿದ್ದಿದರು.